ಗಿವ್ ಅಪ್ ಕಲಿಸಿದ ಅಕ್ಕೋರು

ತೀರಿಕೊಂಡವರ ಬಗ್ಗೆ ಬರೆಯುವಾಗ ಒಳ್ಳೆಯದನ್ನಷ್ಟೇ ಬರೆಯಬೇಕು ಎನ್ನುತ್ತಾರೆ. ನಮ್ಮ ಇಂಗ್ಲಿಷ್ ಅಕ್ಕೋರ ಬಗ್ಗೆ ಹಾಗೆ ಬರೆದರೆ ಅವರಿಗೇ ಸಿಟ್ಟು ಬಂದೀತು. 'ಖರೆ ಇದ್ದದ್ದು ಬರಿ, ಇಲ್ಲಾಂದ್ರ ಪೆನ್ನು ಕೆಳಗಿಡು' ಎನ್ನುತ್ತಿದ್ದ ಹೆಂಗಸು ಅವರು. ಆದ್ದರಿಂದ ಖರೆ ಇದ್ದದ್ದರಿಂದಲೇ ಶುರು ಮಾಡುತ್ತೇನೆ. ಹದಿನಾಲ್ಕು ವರ್ಷ ನಾನು ಅವರನ್ನು ಮನಸ್ಸಿನಲ್ಲೇ ಬೈದಿದ್ದೇನೆ. ರೊಟ್ಟಿ ಬಡಿಯುವಾಗ, ಮಗ್ಗದ ಕಂಡಿಕೆಗೆ ನೂಲು ಸುತ್ತುವಾಗ, ಬಟ್ಟೆ ಒಗೆಯುವಾಗ. ಬಟ್ಟೆ ಒಗೆಯುವಾಗ ಸ್ವಲ್ಪ ಜಾಸ್ತಿ.

ಹೋದ ತಿಂಗಳು ಅವರು ಜಮಖಂಡಿಯಲ್ಲಿ, ತಮ್ಮನ ಮನೆಯಲ್ಲಿ ಹೋಗಿಬಿಟ್ಟರು. ಮೊಣಕಾಲು ಕೈಕೊಟ್ಟ ಮೇಲೆ ಎರಡು ವರ್ಷದಿಂದ ಅಲ್ಲೇ ಇದ್ದರು. ಸುದ್ದಿ ಮೊಬೈಲಿಗೆ ಬಂದಾಗ ನಾನು ಅಂಗನವಾಡಿಯ ಮಕ್ಕಳಿಗೆ ಅನ್ನ ಬಡಿಸುತ್ತಿದ್ದೆ. ಸೌಟು ಹಿಡಿದವಳು ಹಿಡಿದುಕೊಂಡೇ ನಿಂತೆ. ಸಾಲಿನ ಕೊನೆಯಲ್ಲಿದ್ದ ಒಂದು ಮಗು ತಾಟು ಬಡಿದು 'ಅಕ್ಕೋರ, ನನಗ ಹಾಕ್ರಿ' ಎಂದಿತು. ನಮ್ಮ ಕಡೆ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಎಂದೇ ಹೆಸರು. ನಾನೂ ಈಗ ಒಬ್ಬ ಅಕ್ಕೋರು ಎಂಬುದು ಆ ಕ್ಷಣಕ್ಕೆ ನೆನಪಾಗಿ, ಯಾಕೋ ತಡೆಯಲಿಕ್ಕೆ ಆಗಲಿಲ್ಲ. ಮಕ್ಕಳ ಮುಂದೆಯೇ ಅತ್ತುಬಿಟ್ಟೆ.

ಬೈಗುಳದ ಕಾರಣ ಹೇಳುತ್ತೇನೆ. ಬನಹಟ್ಟಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾನು ಹತ್ತನೆಯ ತರಗತಿ. ಅಕ್ಕೋರು ಅರ್ಧವಾರ್ಷಿಕ ಪರೀಕ್ಷೆಯ ಪೇಪರು ಕೊಡುತ್ತಿದ್ದರು. ಉಳಿದ ವಿಷಯಗಳಲ್ಲಿ ನಾನು ಅಡ್ಡಿ ಇಲ್ಲ, ಇಂಗ್ಲಿಷ್ ಮಾತ್ರ ಹನ್ನೊಂದು ಅಂಕ. ಅಕ್ಕೋರಿಗೆ ಅವತ್ತು ಏನಾಗಿತ್ತೋ, ನನ್ನ ಪೇಪರನ್ನು ಮೇಲೆತ್ತಿ ಹಿಡಿದು ಇಡೀ ಕ್ಲಾಸಿನ ಮುಂದೆ ಹೇಳಿದರು.

'ಇಂಗ್ಲಿಷ್ ನಿನ್ನ ತಲಿಗೆ ಹತ್ತೂದಿಲ್ಲ, ಬಿಟ್ಟಬಿಡವಾ. ಮನ್ಯಾಗ ಕಂಡಿಕಿ ಸುತ್ತಿಗೊಂಡ ಇರು.'

ಎಲ್ಲರೂ ನಕ್ಕರು. ನಾನು ಬಿಟ್ಟೇಬಿಟ್ಟೆ. ಮಾರ್ಚಿನ ಪರೀಕ್ಷೆಯಲ್ಲಿ ಇಂಗ್ಲಿಷ್ ಹೋಯಿತು, ಅಪ್ಪ 'ಸಾಕು ಬಿಡು' ಎಂದ, ಮುಂದಿನ ವಾರದಿಂದಲೇ ರಾಟಿಯ ಮುಂದೆ ಕುಳಿತು ಮಗ್ಗಕ್ಕೆ ಕಂಡಿಕೆ ಸುತ್ತತೊಡಗಿದೆ. ಮದುವೆಯಾಗಿ ಬಂದದ್ದೂ ಅದೇ ಊರಿನ ಇನ್ನೊಂದು ಓಣಿಗೆ, ಇನ್ನೊಂದು ರಾಟಿಯ ಮುಂದಕ್ಕೆ. ಹತ್ತನೆಯದು ಏನಾಯಿತು ಎಂದು ಯಾರಾದರೂ ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

ನನ್ನ ಹಣೆಬರಹ ನೋಡಿ. ನಿವೃತ್ತಿಯಾದ ಮೇಲೆ ಅಕ್ಕೋರು ಜಮಖಂಡಿಗೆ ಹೋಗದೆ ನಮ್ಮ ಮನೆಯ ಎದುರಿಗೇ ಎರಡು ಕೋಣೆ ಬಾಡಿಗೆ ಹಿಡಿದರು. 'ಮಗ್ಗದ ಸಪ್ಪಳ ಇಲ್ಲಾಂದ್ರ ನನಗ ನಿದ್ದೀನ ಬರೂದಿಲ್ಲರಿ' ಎಂದು ನಮ್ಮತ್ತೆಯ ಹತ್ತಿರ ಹೇಳಿದ್ದರಂತೆ. ಮದುವೆ ಆಗಿರಲಿಲ್ಲ, ಒಬ್ಬರೇ. ಬಿಳಿ ಕೂದಲಿನ ತುರುಬು, ಅದರಲ್ಲಿ ಸಿಕ್ಕಿಸಿದ ಒಂದು ಮೋಟು ಪೆನ್ಸಿಲು. ಮಗ್ಗಗಳ ನಡುವೆ ಮೂವತ್ತು ವರ್ಷ ಪಾಠ ಹೇಳಿ ಹೇಳಿ ದನಿ ದೊಡ್ಡದಾಗಿಬಿಟ್ಟಿತ್ತು. ಗುಟ್ಟು ಹೇಳಿದರೂ ಓಣಿಯ ತುದಿಯ ಹಿಟ್ಟಿನ ಗಿರಣಿಗೆ ಕೇಳಬೇಕು. ನಳದ ಹತ್ತಿರ ಎದುರಾದರೆ ನಾನು ಕೊಡವನ್ನೇ ನೋಡುತ್ತಿದ್ದೆ. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದರು. ನನ್ನ ಗುರುತೇ ಹತ್ತಿಲ್ಲ, ಎಷ್ಟು ಜನರಿಗೆ ಏನೇನು ಅಂದಿದ್ದಾರೋ ಎಂದು ಇನ್ನಷ್ಟು ಸಿಟ್ಟು ಬರುತ್ತಿತ್ತು.

ಹಾಗಿರುವಾಗ ನಮ್ಮ ಓಣಿಯ ಅಂಗನವಾಡಿಯ ಅಕ್ಕೋರು ನಿವೃತ್ತಿಗೆ ಬಂದರು. ಅದೇ ಓಣಿಯವಳಾಗಿರಬೇಕು, ಹತ್ತನೆಯದು ಪಾಸಾಗಿರಬೇಕು, ಅಂಥವಳಿಗೆ ಆ ಕೆಲಸ. ನನಗೆ ಆಗ ಮೂವತ್ತು. ರಾಟಿ ತಿರುಗಿಸಿ ತಿರುಗಿಸಿ ಬಲಭುಜ ಬಿದ್ದುಹೋಗಿತ್ತು. ಮಕ್ಕಳೆಂದರೆ ಪ್ರಾಣ. ಆ ಕೆಲಸದ ಮೇಲೆ ಎಂಥ ಆಸೆ ಹುಟ್ಟಿತೆಂದರೆ, ಬೇರೆ ಯಾರಾದರೂ ಅಂಗನವಾಡಿಯ ಬಾಗಿಲು ತೆಗೆಯುವುದನ್ನು ನೆನೆದರೇ ಸಂಕಟವಾಗುತ್ತಿತ್ತು. ನಡುವೆ ಇದ್ದದ್ದು ಒಂದು ಇಂಗ್ಲಿಷ್.

ನಮ್ಮತ್ತೆ ಹೇಳಿದರು: 'ಎದುರ ಮನ್ಯಾಗ ಇಂಗ್ಲಿಷ್ ಅಕ್ಕೋರ ಕುಂತಾರ, ನೀ ಇಲ್ಲಿ ಅಳ್ಕೋತ ಕುಂತಿ. ಹೋಗಿ ಕೇಳು.'

'ಆಕಿ ಮನಿ ಹೊಸಲಿ ನಾ ತುಳಿಯಂಗಿಲ್ಲ.'

'ತುಳೀಬ್ಯಾಡ, ದಾಟಿ ಹೋಗು.'

ಮೂರು ದಿನ ಒದ್ದಾಡಿ ಕಡೆಗೆ ಹೋದೆ. ಹೋಗುವಾಗಲೇ ಒಂದು ನಿಶ್ಚಯ ಮಾಡಿದ್ದೆ. ಇವರ ಕಡೆಯಿಂದಲೇ ಕಲಿಯಬೇಕು, ಪಾಸಾಗಬೇಕು, ಆ ಅಂಕಪಟ್ಟಿ ಇವರ ಮುಂದೆ ಹಿಡಿದು ಹದಿನಾಲ್ಕು ವರ್ಷದ ಮಾತನ್ನು ಒಂದೂ ಬಿಡದೆ ಆಡಿ ಬರಬೇಕು. ಯಾವ ಮಾತಿನ ಮುಂದೆ ಯಾವ ಮಾತು ಎಂಬುದೂ ಬಾಯಿಪಾಠವಾಗಿತ್ತು.

ಅಕ್ಕೋರು ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದರು. ಪಕ್ಕದ ಮನೆಯಲ್ಲಿ ಮಗ್ಗ ಖಟಖಟ ಎನ್ನುತ್ತಿತ್ತು.

'ಇಂಗ್ಲಿಷ್ ಒಂದು ಉಳದೈತ್ರಿ. ಕಟ್ಟಬೇಕಂತೀನ್ರಿ' ಎಂದೆ.

ಅವರು ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ಒರೆಸಿದರು. 'ಕರೆಂಟ ಹೋದಾಗ ಬಾ' ಎಂದರು. ಅಷ್ಟೇ.

ಮೊದಲು ನನಗೆ ಅರ್ಥವಾಗಲಿಲ್ಲ. ಆಮೇಲೆ ತಿಳಿಯಿತು. ನಮ್ಮವು ಕರೆಂಟಿನ ಮಗ್ಗ, ಕರೆಂಟ್ ಹೋದರೆ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಲ್ಲುತ್ತವೆ. ಆಗ ಮಾತು ಕೇಳುತ್ತದೆ, ನನಗೂ ಕಂಡಿಕೆಯ ಅವಸರ ಇರುವುದಿಲ್ಲ. ಅವತ್ತಿನಿಂದ ಕರೆಂಟ್ ಹೋದೊಡನೆ ಓಣಿಯ ಗಂಡಸರು ಬೈಯುತ್ತ ಬೀಡಿ ಹಚ್ಚುವರು, ನಾನು ನೋಟ್‌ಬುಕ್ ಹಿಡಿದು ಎದುರು ಮನೆಗೆ ಓಡುವೆ. ನನ್ನ ಗಂಡ ರೇಗಿಸುತ್ತಿದ್ದ: 'ಕರೆಂಟಿನವ್ರಿಗೆ ನೀನೇನಾರ ಫೋನ್ ಮಾಡಿ ಹೇಳೀಯೇನ?'

ನಾನು ಒಂದು ಗೈಡು ತೆಗೆದುಕೊಂಡು ಹೋಗಿದ್ದೆ. ಅಕ್ಕೋರು ಅದನ್ನು ಜೋಳದ ಡಬ್ಬಿಯ ಮೇಲೆ ಮುಚ್ಚಳವಾಗಿ ಇಟ್ಟರು. ಇಡುವ ಮುಂಚೆ ಒಂದು ಪುಟ ತೆರೆದು 'ಗಿವ್ ಅಪ್' ಎಂಬುದನ್ನು ತೋರಿಸಿದರು. ಪಕ್ಕದಲ್ಲಿ 'ತ್ಯಜಿಸು' ಎಂದಿತ್ತು.

'ನಿಮ್ಮ ಮನ್ಯಾಗ ಯಾರರ ತ್ಯಜಿಸ್ಯಾರೇನ?'

'ಇಲ್ಲರಿ.'

'ನಮ್ಮ ಮನ್ಯಾಗೂ ಯಾರೂ ತ್ಯಜಿಸಿಲ್ಲ. ಎಲ್ಲಾರೂ ಬಿಟ್ಟಾರ. ಚಾ ಬಿಟ್ಟಾರ, ಸಾಲಿ ಬಿಟ್ಟಾರ, ಬಸ್ಸಿನ್ಯಾಗ ಸೀಟು ಬಿಟ್ಟು ಕೊಟ್ಟಾರ, ಕಳದ ಉಂಗುರ ಹುಡುಕೂದ ಬಿಟ್ಟಾರ. ಅದೆಲ್ಲಾ ಗಿವ್ ಅಪ್. ನಿಮ್ಮ ಮನ್ಯಾಗ, ಓಣ್ಯಾಗ ಯಾರು ಏನ ಬಿಟ್ರು ನೋಡ್ಕೊಂಡ ಬಾ. ದಿನಕ್ಕೆರಡು ವಾಕ್ಯ. ಆದ್ರ ಖರೆ ಇರಬೇಕು.'

ಇದು ಅವರ ಪದ್ಧತಿ. ವಾಕ್ಯ ಖರೆ ಇರಬೇಕು. ವ್ಯಾಕರಣ ಮುರಿದುಬಿದ್ದಿರಲಿ, ಖರೆ ಇದ್ದರೆ ತಿದ್ದಿ ರೈಟು ಹಾಕುತ್ತಿದ್ದರು. ಎಲ್ಲ ಸರಿ ಇದ್ದು ಸುಳ್ಳಿದ್ದರೆ ಅದರ ಸುತ್ತ ಪೆನ್ಸಿಲಿನಿಂದ ಒಂದು ಗೆರೆ ಎಳೆದು 'ಇದನ್ನ ಖರೆ ಮಾಡ್ಕೊಂಡ ಬಾ' ಎನ್ನುತ್ತಿದ್ದರು.

ನಾನು ಜಾಣತನ ಮಾಡಲು ಹೋಗಿ ಎರಡನೆಯ ದಿನವೇ ಸಿಕ್ಕಿಬಿದ್ದೆ. 'ಐ ಗೇವ್ ಅಪ್ ಮಿಶ್ರಿ' ಎಂದು ಬರೆದಿದ್ದೆ. ಹೊಗೆಸೊಪ್ಪನ್ನು ಹುರಿದು ಪುಡಿ ಮಾಡಿ ಹಲ್ಲಿಗೆ ತಿಕ್ಕುತ್ತಾರಲ್ಲ, ಅದು ಮಿಶ್ರಿ. ರಾಟಿಯ ಮುಂದೆ ಕೂತ ಹೆಂಗಸರಿಗೆ ಹಸಿವೆ, ಬೇಸರ ಎರಡಕ್ಕೂ ಅದೇ. ನನಗೆ ದಿನಕ್ಕೆ ಐದಾರು ಸಲ ಬೇಕಾಗುತ್ತಿತ್ತು.

'ಖರೆ?' ಎಂದರು ಅಕ್ಕೋರು, ಒಂದು ಹುಬ್ಬು ಮೇಲೆತ್ತಿ.

'ಖರೇರಿ.'

'ಎಲ್ಲಿ, ನಗು ನೋಡೂಣು.'

ನಗಲಿಲ್ಲ. ನಕ್ಕರೆ ಹಲ್ಲೇ ಹೇಳುತ್ತಿದ್ದವು. ಅವರು ಬೈಯಲೂ ಇಲ್ಲ, ಉಪದೇಶವನ್ನೂ ಮಾಡಲಿಲ್ಲ, ಗೆರೆ ಎಳೆದು ನೋಟ್‌ಬುಕ್ ವಾಪಸು ಕೊಟ್ಟರು. ಆ ಗೆರೆ ದಿನಾ ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಇವರ ಮುಂದೆ ಸುಳ್ಳಿಯಾಗಿ ಉಳಿಯಬಾರದು ಎಂಬ ಹಟಕ್ಕೆ ಬಿದ್ದು ಬಿಟ್ಟೆ. ಒಂಬತ್ತು ದಿನ ತಲೆ ಒಡೆದುಹೋಗುವಷ್ಟು ನೋವು, ಗಂಡನ ಮೇಲೆ ರೇಗಿದ್ದು, ಅತ್ತೆಯ ಮೇಲೆ ರೇಗಿದ್ದು ಲೆಕ್ಕವಿಲ್ಲ. ಹತ್ತನೆಯ ದಿನ ಹೋಗಿ ಹಲ್ಲು ಕಿರಿದು ತೋರಿಸಿದೆ. ಅಕ್ಕೋರು ನೋಟ್‌ಬುಕ್ ತೆಗೆದು ಗೆರೆಯನ್ನು ರಬ್ಬರಿನಿಂದ ಅಳಿಸಿ, ರೈಟು ಹಾಕಿ, ಒಳಗೆ ಹೋಗಿ ಒಂದು ಉಂಡಿ ತಂದು ಬಾಯಿಗೇ ಇಟ್ಟರು. ಆಗ ಮಾತ್ರ ನನ್ನ ಸಿಟ್ಟು ಸ್ವಲ್ಪ ಅಲುಗಾಡಿತು. ಗಟ್ಟಿಯಾಗಿ ಹಿಡಿದುಕೊಂಡೆ.

ಖರೆಯ ವಿಷಯದಲ್ಲಿ ಅವರದು ಬಹಳ ಕಟ್ಟುನಿಟ್ಟು. ನನ್ನ ಸೋದರಮಾವ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೇಟೆನಾಯಿಗಳನ್ನು ನೋಡಿಕೊಳ್ಳುತ್ತಾನೆ. ಅವನಿಗೆ ಜ್ವರ ಬಂದು ಮೂರು ದಿನ ಮನೆಯಲ್ಲಿ ಮಲಗಿದಾಗ ಒಂದು ನಾಯಿ ಊಟ ಬಿಟ್ಟಿತ್ತು. ಅದನ್ನು ಬರೆದೆ. ಅಕ್ಕೋರು 'ಫೋನ್ ಹಚ್ಚು' ಎಂದರು. ಮಾವ ಆ ಕಡೆಯಿಂದ 'ಊಟ ಬಿಟ್ಟಿತ್ತವಾ, ಹಾಲಷ್ಟ ಕುಡೀತಿತ್ತು' ಎಂದ.

'ಹಾಲು ಕುಡದೈತಿ! ಹಂಗಾರ ಊಟ ಹ್ಯಾಂಗ ಬಿಟ್ಟಂಗಾತು? ರೊಟ್ಟಿ ಬಿಟ್ಟಿತು ಅಂತ ಬರಿ.'

ನಮ್ಮತ್ತೆಯ ವಾಕ್ಯವಂತೂ ಎರಡು ದಿನ ನಡೆಯಿತು. ಕಾಶಿಗೆ ಹೋದವರು ಇಷ್ಟದ್ದೊಂದನ್ನು ಅಲ್ಲಿ ಬಿಟ್ಟು ಬರಬೇಕಲ್ಲ, ನಮ್ಮತ್ತೆ ಬದನೆಕಾಯಿ ಬಿಟ್ಟು ಬಂದಿದ್ದರು. ಅಕ್ಕೋರು ಕಟ್ಟೆಯ ಮೇಲಿಂದಲೇ ಕೂಗಿ ಕೇಳಿದರು: 'ಖರೇನ ಬಿಟ್ಟೀರೇನ್ರಿ ಯಕ್ಕಾ?'

'ಬಿಟ್ಟೇನ್ರಿ. ಎಣ್ಣಿಗಾಯಿ ಮಾಡಿದಾಗ ಬರೇ ಅದರಾಗಿನ ಮಸಾಲಿ ಹಚ್ಚಿಗೊಂತೀನಿ.'

ಅಕ್ಕೋರು ಆ ವಾಕ್ಯವನ್ನು ಮರುದಿನಕ್ಕೆ ಇಟ್ಟರು. ಕಡೆಗೆ ಅರ್ಧ ರೈಟು ಹಾಕಿದರು. ನಮ್ಮತ್ತೆ ಇಡೀ ಓಣಿಗೆ ಹೇಳಿಕೊಂಡು ತಿರುಗಾಡಿದರು, 'ನನಗ ಇಂಗ್ಲಿಷ್ನ್ಯಾಗ ಅರ್ಧ ಮಾರ್ಕ್ ಬಂದೈತಿ' ಎಂದು.

ಪರೀಕ್ಷೆಯ ಅರ್ಜಿ ತುಂಬಲು ನಾವಿಬ್ಬರೂ ಜಮಖಂಡಿಗೆ ಹೋಗಿದ್ದೆವು. ಕಬ್ಬಿನ ಹಂಗಾಮು. ದಾರಿಯಲ್ಲಿ ಒಂದು ಟ್ರ್ಯಾಕ್ಟರಿನ ಟ್ರೇಲರು ಮಗುಚಿ ಕಬ್ಬೆಲ್ಲ ರಸ್ತೆಗೆ ಚೆಲ್ಲಿತ್ತು. ನಮ್ಮ ಬಸ್ಸಿನ ಡ್ರೈವರ್ ಹಾರ್ನ್ ಹೊಡೆದ, ಇಳಿದು ಜಗಳಾಡಿದ, ಆಮೇಲೆ ಎಂಜಿನ್ ಬಂದ್ ಮಾಡಿ ಸ್ಟೇರಿಂಗಿನ ಮೇಲೆ ತಲೆ ಇಟ್ಟ. ಅಕ್ಕೋರು ನನ್ನ ಪಕ್ಕೆಗೆ ತಿವಿದು 'ಬರಿ, ಬರಿ!' ಎಂದರು. ಬಸ್ಸಿನಲ್ಲಿದ್ದವರೆಲ್ಲ ನಮ್ಮನ್ನೇ ನೋಡಿದರು. ಲೋಕಾಪುರದ ಕಡೆಯ ಒಬ್ಬ ಮುದುಕ 'ಏನ್ ಬರಿಯಾಕತ್ತೀಯವಾ?' ಎಂದು ಕೇಳಿದ್ದಕ್ಕೆ ಅಕ್ಕೋರು ಗಂಭೀರವಾಗಿ 'ಡ್ರೈವರ್ ಕೈಬಿಟ್ಟದ್ದನ್ನ ಬರಿಯಾಕತ್ತಾಳ್ರಿ' ಎಂದರು. ಮುದುಕ ನಮ್ಮನ್ನು ಡಿಪೋದವರು ಎಂದು ತಿಳಿದು ತಡವಾಗಿ ಬರುವ ಬಸ್ಸುಗಳ ಬಗ್ಗೆ ಜಮಖಂಡಿಯ ತನಕ ದೂರು ಹೇಳಿದ. ಅಕ್ಕೋರು ಎಲ್ಲವನ್ನೂ ಕೇಳಿ ತಲೆದೂಗಿದರು. ಇಳಿದ ಮೇಲೆ ರಸ್ತೆಯಲ್ಲೇ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ನಗು ನೋಡಿದರೆ ಯಾರಿಗೂ ಪ್ರೀತಿ ಬರಬೇಕು. ನನಗೂ ಬಂತು, ಬಂದದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಹೀಗೆ ಒಂದು ತಿಂಗಳು. ಬರೀ ಗಿವ್ ಅಪ್! ನನಗೆ ತಾಳ್ಮೆ ತಪ್ಪಿತು.

'ಅಕ್ಕೋರ, ಪರೀಕ್ಷಾದಾಗ ಪತ್ರ ಬರತಾವ, ಪದ್ಯ ಬರತಾವ. ನಾವ್ ಇನ್ನೂ ಇಲ್ಲೇ ಕುಂತೇವಿ.'

'ಆಕ್ಕೈತಿ ತಡಿ' ಎನ್ನುವರು. ಪಾಠ ಮುಗಿಸುವಾಗ ದಿನಾ ಕೇಳುವರು: 'ಇನ್ನೊಂದು ಖರೆ ವಾಕ್ಯ ಉಳದೈತೇನ್ ನೋಡು.' ನಾನು ಯೋಚನೆ ಮಾಡಿದ ಹಾಗೆ ಮಾಡಿ 'ಇಲ್ಲರಿ' ಎನ್ನುವೆ. ಅವರು ಕನ್ನಡಕ ಒರೆಸುವರು. ಇವರ ಮೇಲಿನ ಆ ಒಂದು ವಾಕ್ಯ ನನ್ನ ಹತ್ತಿರ ಇತ್ತು, ಸುಳ್ಳೇಕೆ ಹೇಳಲಿ. ಆದರೆ ಅದನ್ನು ಈಗ ಬರೆದರೆ ಇವರು ಪಾಠ ನಿಲ್ಲಿಸಿಬಿಟ್ಟರೆ? ಅಂಗನವಾಡಿಯ ಕೆಲಸ ಹೋದರೆ? ಪಾಸಾಗಲಿ, ಆಮೇಲೆ ನೋಡಿಕೊಳ್ಳೋಣ ಎಂದು ನುಂಗಿಕೊಳ್ಳುತ್ತಿದ್ದೆ.

ಒಂದು ದಿನ ಅವರೇ ಮುಂದಿನ ಪಾಠಕ್ಕೆ ಹೋದರು. ಅಲ್ಲಿಂದ ಓಟವೋ ಓಟ. ಬಿಟ್ಟದ್ದರ ಮೇಲೆ ಅರವತ್ತು ವಾಕ್ಯ ಬರೆದ ಕೈಗೆ ಬಂದದ್ದು, ಇಟ್ಟದ್ದು, ನೋಡಿಕೊಂಡದ್ದು ಎಲ್ಲ ತಾನಾಗಿ ಬರತೊಡಗಿತು. ಇಂಗ್ಲಿಷ್ ಎಂದರೆ ಯಾರದೋ ಮನೆಯ ಮಾತಲ್ಲ, ನಮ್ಮ ಅತ್ತೆಯ ಬದನೆಕಾಯಿ ಎಂಬ ಧೈರ್ಯ ಬಂದಿತ್ತು. ಅಂಥ ಧೈರ್ಯವನ್ನು ನನಗೆ ಕೊಟ್ಟವರು ಇವರೇ, ಕಿತ್ತುಕೊಂಡವರೂ ಇವರೇ.

ಪರೀಕ್ಷೆಯ ದಿನ ಅಕ್ಕೋರು ಜಮಖಂಡಿಯವರೆಗೂ ಜೊತೆಗೆ ಬಂದರು. ಕೋಣೆಯ ಬಾಗಿಲಲ್ಲಿದ್ದ ಮಾಸ್ತರರು ನನ್ನನ್ನು ತಡೆದು 'ಪಾಲಕರು ಹೊರಗ ನಿಂದರ್ರಿ' ಎಂದರು. ನಾಚಿಕೆಯಿಂದ ಕಾಲು ಹಿಂದೆ ಇಟ್ಟೆ. ಬೇವಿನ ಗಿಡದ ಕೆಳಗಿಂದ ಅಕ್ಕೋರ ಆ ದೊಡ್ಡ ದನಿ ಬಂತು: 'ಪಾಲಕರು ನಾನ್ರಿ! ಪರೀಕ್ಷಾ ಆಕಿದು!' ಅಂಗಳಕ್ಕೆ ಅಂಗಳವೇ ತಿರುಗಿ ನೋಡಿತು. ನಾನು ತಲೆ ಎತ್ತಿ ಒಳಗೆ ಹೋದೆ.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ನಲವತ್ತೊಂದು. ಪಾಸು. ಅತ್ತೆ ಅತ್ತರು, ಗಂಡ ಮಗ್ಗ ನಿಲ್ಲಿಸಿ ಬಂದ. ನಾನು ಪೇಟೆಗೆ ಹೋಗಿ ಪೇಡೆ ತಂದು, ಸೀರೆ ಬದಲಾಯಿಸಿ, ಬಾಯಿಪಾಠದ ಮಾತುಗಳನ್ನೆಲ್ಲ ಇನ್ನೊಮ್ಮೆ ಮನಸ್ಸಿನಲ್ಲಿ ಆಡಿಕೊಂಡು ಎದುರು ಮನೆಗೆ ಹೋದೆ.

ಅಕ್ಕೋರು ಕಟ್ಟೆಯ ಮೇಲೆ ಇರಲಿಲ್ಲ. ಒಳಗೆ ಕುರ್ಚಿಯಲ್ಲಿ, ಇಸ್ತ್ರಿ ಮಾಡಿದ ಸೀರೆ ಉಟ್ಟು, ಕೈಕಟ್ಟಿ ಕುಳಿತಿದ್ದರು.

'ಎಷ್ಟು?'

'ನಲವತ್ತೊಂದ್ರಿ.'

ಒಮ್ಮೆ ಕಣ್ಣು ಮುಚ್ಚಿ ತೆರೆದರು. 'ಛಲೋ ಆತು. ಇನ್ನ ಬೈ.'

'ಯಾರನ್ನರಿ?'

'ನನ್ನ. ಹದಿನಾಕ ವರ್ಷದ್ದ ಇಟಗೊಂಡೀಯಲ್ಲ. ಬೈದಬಿಡು, ಕೇಳತೀನಿ.'

ಬಾಯಿಪಾಠದಲ್ಲಿ ಇದು ಇರಲಿಲ್ಲ.

'ನಿಮಗ ನನ್ನ ಗುರ್ತ ಇತ್ತೇನ್ರಿ?'

'ನಳದ ಹತ್ತರ ನೋಡಿದ ದಿವಸನ ಇತ್ತು. ಅವತ್ತು ನೀ ಮೂರನೇ ಬೆಂಚಿನ್ಯಾಗ ಕುಂತಿದ್ದಿ. ನಾ ಅಷ್ಟ ಅಂದಕೂಡ್ಲೇ ಪುಸ್ತಕ ಮುಚ್ಚಿ, ಪಾಟಿಚೀಲದಾಗ ಇಟ್ಟು, ಚೀಲ ತೊಡಿ ಮ್ಯಾಲ ಇಟಗೊಂಡಿ. ಮುಂದ ವರ್ಷಾಪೂರ್ತಿ ನನ್ನ ತಾಸಿಗೆ ಆ ಪುಸ್ತಕ ಹೊರಗ ಬರ್ಲಿಲ್ಲ. ನಾ ದಿನಾ ನೋಡ್ತಿದ್ದೆ. ಒಂದ ಮಾತ ಕರದ ಆಡ್ಲಿಲ್ಲ. ಅಹಂಕಾರ, ಮತ್ತೇನ.'

ಅವರ ಆ ದೊಡ್ಡ ದನಿ ಎಲ್ಲಿ ಹೋಗಿತ್ತೋ. ಮುಂದಕ್ಕೆ ಬಗ್ಗಿ ಕೇಳಿಸಿಕೊಳ್ಳಬೇಕಾಯಿತು.

'ಒಂದ ತಿಂಗಳು ಆ ಒಂದ ಶಬ್ದದ ಮ್ಯಾಲ ಯಾಕ ಕುಂದರಸಿದ್ದೆ ಅಂತ ತಿಳಕೊಂಡಿ? ಇವತ್ತರ ಅದನ್ನ ಬರೀತಾಳ, ನಾಳಿಗರ ಬರೀತಾಳ, ಬರದ ದಿನ ತಪ್ಪಾತು ಅಂದಬಿಡತೀನಿ ಅಂತ ಕಾದೆ. ನೀ ನಾಯಿದ ಬರದಿ, ನಿಮ್ಮತ್ತಿದ ಬರದಿ, ಡ್ರೈವರಂದ ಬರದಿ. ನಂದ ಬರೀಲಿಲ್ಲ. ನಾನ ಬಾಯಿ ತೆಗೀಬೇಕಿತ್ತು ಖರೆ. ಮಕ್ಕಳಿಗೆ ಖರೆ ಹೇಳ್ರಿ ಖರೆ ಹೇಳ್ರಿ ಅಂತ ಮೂವತ್ತ ವರ್ಷ ಒದರಿದೆ, ನನಗ ಬರ್ಲಿಲ್ಲ ನೋಡು.'

ನಾನು ಪೇಡೆಯ ಡಬ್ಬಿ ಹಿಡಿದು ನಿಂತಿದ್ದೆ. ಬೈಯಲಿಕ್ಕೆಂದು ಬಂದವಳಿಗೆ ಒಂದು ಬೈಗುಳವೂ ನೆನಪಾಗಲಿಲ್ಲ. ಅಳು ಮಾತ್ರ ಬಂತು. ಎಷ್ಟು ಪ್ರೀತಿ ಮಾಡುತ್ತಿದ್ದೆ ನಾನು ಇವರನ್ನು, ಅವತ್ತಿಗೇ ಗೊತ್ತಾದದ್ದು.

'ಹೋಗ್ಲಿ ಬಿಡ್ರಿ ಅಕ್ಕೋರ' ಎಂದೆ.

'ಹೋಗೂದಿಲ್ಲ' ಎಂದರು ಖಡಕ್ಕಾಗಿ. 'ನೋಟ್‌ಬುಕ್ ತಾ. ಬರಿ.'

ಓಡಿಹೋಗಿ ತಂದೆ. ನೆಲದ ಮೇಲೆ ಕುಳಿತು, ಗಿವ್ ಅಪ್ಪಿನ ಕೊನೆಯ ಪುಟ ತೆಗೆದು ಬರೆದೆ: 'ಮೈ ಟೀಚರ್ ಟೋಲ್ಡ್ ಮೀ ಟು ಗಿವ್ ಅಪ್ ಇಂಗ್ಲಿಷ್.' ಒಂದಾದರೂ ತಪ್ಪು ಸಿಕ್ಕಿ ಅವರು ಎಂದಿನ ಹಾಗೆ ಗದರಿಸಲಿ ಎಂದು ಬೇಡಿಕೊಳ್ಳುತ್ತ ನೋಟ್‌ಬುಕ್ಕನ್ನು ಅವರ ಕಡೆಗೆ ತಿರುಗಿಸಿದೆ.

ಅಕ್ಕೋರು ಎರಡು ಸಲ ಓದಿದರು. ಕನ್ನಡಕ ಒರೆಸಲಿಲ್ಲ. 'ಖರೆ ಐತಿ' ಎಂದು ಕೆಂಪು ಪೆನ್ನಿನಿಂದ ಒಂದು ದೊಡ್ಡ ರೈಟು ಹಾಕಿದರು. ಆಮೇಲೆ ಆ ವಾಕ್ಯದ ಕೆಳಗೆ, ಅಂಕಪಟ್ಟಿಗೆ ಹಾಕುವ ಹಾಗೆ, ತಮ್ಮ ಪೂರ್ತಿ ಹೆಸರು ಬರೆದು ಸಹಿ ಮಾಡಿದರು.